ಮ್ನೆಸ್ಟರ್‌ನ ಮೈಮೇಲಿನ ಬಾಸುಂಡೆ

ಕ್ರಿ.ಶ. 48. ರೋಮ್‌ನ ರಾಣಿ ಮೆಸ್ಸಲೀನಾಳ ಸಂಚು ಬಯಲಾಗಿ, ಅವಳ ಜೊತೆಗಿದ್ದವರನ್ನೆಲ್ಲ ಹುಡುಕಿ ಹುಡುಕಿ ಕೊಲ್ಲಿಸುತ್ತಿದ್ದ ಹೊತ್ತು. ಆ ಸಾಲಿನಲ್ಲಿ ಮ್ನೆಸ್ಟರ್ ಎಂಬ ನರ್ತಕನೂ ಇದ್ದ. ಅವನು ಮೈಮೇಲಿನ ಬಟ್ಟೆ ಹರಿದುಕೊಂಡು, ಚಾಟಿಯೇಟಿನ ಬಾಸುಂಡೆ ನೋಡಿ ಎಂದು ಚಕ್ರವರ್ತಿ ಕ್ಲಾಡಿಯಸ್‌ಗೆ ಕೂಗಿ ಹೇಳಿದ. ರಾಣಿಯ ಮಾತು ಕೇಳು ಎಂದು ಅಪ್ಪಣೆ ಕೊಟ್ಟದ್ದು ನೀವೇ ಎಂದು ನೆನಪಿಸಿದ. ಉಳಿದವರು ಉಡುಗೊರೆಗೋ ಪದವಿಗೋ ಆಸೆಪಟ್ಟು ತಪ್ಪು ಮಾಡಿದರು, ನನಗೆ ಬೇರೆ ದಾರಿಯೇ ಇರಲಿಲ್ಲ ಎಂದ. ಕ್ಲಾಡಿಯಸ್‌ನ ಮನಸ್ಸು ಕರಗಿತು. ಪಕ್ಕದಲ್ಲಿದ್ದ ಆಪ್ತರು ಬಿಡಲಿಲ್ಲ. ಅಷ್ಟು ದೊಡ್ಡ ದೊಡ್ಡವರನ್ನೇ ಕೊಂದಾದ ಮೇಲೆ ಒಬ್ಬ ಆಟದವನ ಬಗ್ಗೆ ಯೋಚಿಸುವುದೇನು, ಅವನು ಇಷ್ಟಪಟ್ಟು ಮಾಡಿದರೇನು ಬಲವಂತಕ್ಕೆ ಮಾಡಿದರೇನು ಎಂದರು. ಮ್ನೆಸ್ಟರ್‌ನನ್ನೂ ಕೊಂದರು. ಹಾಗೆ ಹೇಳಿದ ಆಪ್ತರು ಯಾರು? ಒಂದು ಕಾಲಕ್ಕೆ ಗುಲಾಮರಾಗಿದ್ದು ಬಿಡುಗಡೆ ಪಡೆದವರು.

ಇದೇ ಮ್ನೆಸ್ಟರ್ ಕುಣಿಯುವಾಗ ಯಾರಾದರೂ ಸದ್ದು ಮಾಡಿದರೆ, ಹಿಂದಿನ ಚಕ್ರವರ್ತಿ ಕಲಿಗುಲ ಅವರನ್ನು ಎಳೆತರಿಸಿ ತಾನೇ ಕೈಯಾರೆ ಹೊಡೆಯುತ್ತಿದ್ದ. ಕಲಿಗುಲ ಸತ್ತ ಮೇಲೆ ಅವನ ಮುಖವಿದ್ದ ಕಂಚಿನ ನಾಣ್ಯಗಳನ್ನು ಕರಗಿಸಿದಾಗ, ಆ ಕಂಚಿನಲ್ಲಿ ಮೆಸ್ಸಲೀನಾ ಮ್ನೆಸ್ಟರ್‌ನ ಪ್ರತಿಮೆಗಳನ್ನು ಮಾಡಿಸಿದ್ದಳು. ಊರಿನಲ್ಲಿ ಪ್ರತಿಮೆ, ಮೈಮೇಲೆ ಬಾಸುಂಡೆ. ಎರಡೂ ಒಬ್ಬನಿಗೇ.

ಪ್ರಾಚೀನ ರೋಮ್‌ನ ಕಲಾವಿದರ ಬಗ್ಗೆ ಕನ್ನಡದಲ್ಲಿ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯ ಕೇಳಿಬರುತ್ತವೆ. ಅವರೆಲ್ಲ ಗುಲಾಮರು ಎನ್ನುವುದು ಒಂದು. ಇಂದಿನ ಸಿನಿಮಾ ತಾರೆಯರ ಹಾಗೆ ಮೆರೆದವರು ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಆದರೆ ಎರಡೂ ಮುಖ್ಯವಾದದ್ದನ್ನು ಬಿಟ್ಟುಬಿಡುತ್ತವೆ. ರೋಮ್‌ನಲ್ಲಿ ನಟನ ಕೀಳುಸ್ಥಾನ ಜನರ ತಾತ್ಸಾರವಷ್ಟೇ ಆಗಿರಲಿಲ್ಲ, ಕಾನೂನಿನಲ್ಲಿ ಕಲಮು ಕಲಮಾಗಿ ಬರೆದಿಟ್ಟ ವ್ಯವಸ್ಥೆಯಾಗಿತ್ತು. ಸ್ವತಂತ್ರನಾಗಿ ಹುಟ್ಟಿದ ರೋಮನ್ ಪ್ರಜೆಯೂ ಒಮ್ಮೆ ರಂಗ ಹತ್ತಿದರೆ ಆ ವ್ಯವಸ್ಥೆಯೊಳಗೆ ಬೀಳುತ್ತಿದ್ದ. ಎಷ್ಟು ಹಣ ಬಂದರೂ ಅದರಿಂದ ಹೊರಬರಲು ಆಗುತ್ತಿರಲಿಲ್ಲ.

ಆ ಕಾನೂನಿನ ಹೆಸರು ಇನ್ಫಾಮಿಯಾ. ಅಪಕೀರ್ತಿ ಎಂದು ಅನುವಾದಿಸಿದರೆ ಬಹಳ ಸೌಮ್ಯವಾಗುತ್ತದೆ, ಏಕೆಂದರೆ ಅದು ಹಕ್ಕು ಕಿತ್ತುಕೊಳ್ಳುವ ಮುದ್ರೆ. ಪ್ರೀಟರ್ ಎಂಬ ನ್ಯಾಯಾಧಿಕಾರಿ ಹೊರಡಿಸುತ್ತಿದ್ದ ಆಜ್ಞೆಯಲ್ಲಿ ಈ ಮುದ್ರೆ ಬಿದ್ದವರ ಪಟ್ಟಿ ಇತ್ತು. ಮೊದಲನೆಯವನು ಅವಮಾನಕರವಾಗಿ ಸೈನ್ಯದಿಂದ ಹೊರಹಾಕಿಸಿಕೊಂಡವನು. ಅವನ ಬೆನ್ನಿಗೇ ಆಟಕ್ಕಾಗಿ ಅಥವಾ ಮಾತುಗಾರಿಕೆಗಾಗಿ ರಂಗ ಹತ್ತಿದವನು. ಆಮೇಲೆ ಸೂಳೆಗಾರಿಕೆಯ ದಲ್ಲಾಳಿ. ಪಟ್ಟಿ ಮುಂದುವರಿದಂತೆ ಕಳ್ಳರು, ದರೋಡೆಕೋರರು, ವಂಚಕರು ಬರುತ್ತಾರೆ. ರಂಗ ಎಂದರೆ ಏನು ಎಂಬುದಕ್ಕೂ ವ್ಯಾಖ್ಯೆ ಇದೆ. ಸಾರ್ವಜನಿಕವಾಗಿರಲಿ ಖಾಸಗಿಯಾಗಿರಲಿ, ಬೀದಿಯಲ್ಲೇ ಇರಲಿ, ಜನರನ್ನು ಸೇರಿಸಿ ತನ್ನನ್ನು ತಾನು ಪ್ರದರ್ಶಿಸಿಕೊಳ್ಳುವ ಯಾವ ಜಾಗವಾದರೂ ರಂಗವೇ. ತಪ್ಪಿಸಿಕೊಳ್ಳಲು ಒಂದು ಸಂದನ್ನೂ ಬಿಟ್ಟಿಲ್ಲ.

ಲ್ಯಾಟಿನ್‌ನಲ್ಲಿ ಈ ಕಸುಬಿಗೆ ಆರ್ಸ್ ಲೂಡಿಕ್ರಾ ಎನ್ನುತ್ತಿದ್ದರು. 'ಆಟದ ಕಸುಬು' ಎಂದರೆ ಕನ್ನಡಕ್ಕೆ ಸರಿಯಾಗಿ ಒಗ್ಗುತ್ತದೆ. ಬಯಲಾಟಕ್ಕೂ ಮಕ್ಕಳಾಟಕ್ಕೂ ನಮ್ಮಲ್ಲಿ 'ಆಟ' ಒಂದೇ ಪದ. ಅವರೂ ನಾಟಕ, ರಥದ ಓಟ ಎಲ್ಲವನ್ನೂ ಸೇರಿಸಿ ಲೂಡಿ, ಅಂದರೆ ಆಟಗಳು, ಎಂದೇ ಕರೆದರು.

ಮುದ್ರೆ ಬಿದ್ದರೆ ಆಗುತ್ತಿದ್ದುದೇನು? ಹತ್ತಿರದ ನೆಂಟರನ್ನು ಬಿಟ್ಟು ಬೇರೆಯವರ ಪರವಾಗಿ ನ್ಯಾಯಾಲಯದಲ್ಲಿ ವಕಾಲತ್ತು ವಹಿಸುವಂತಿಲ್ಲ. ಊರಿನ ಆಡಳಿತ ಸಭೆಯಲ್ಲಿ ಕೂರುವಂತಿಲ್ಲ. ದಕ್ಷಿಣ ಇಟಲಿಯ ಹೆರಾಕ್ಲಿಯಾದಲ್ಲಿ ಸಿಕ್ಕ ಕ್ರಿ.ಪೂ. 1ನೇ ಶತಮಾನದ ಕಂಚಿನ ಫಲಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಕಳ್ಳತನಕ್ಕೆ ಶಿಕ್ಷೆಯಾದವನು, ಗ್ಲಾಡಿಯೇಟರ್ ಆಗಿ ಅಖಾಡದಲ್ಲಿ ಕಾದಾಡಿದವನು, ಆಟದ ಕಸುಬಿನವನು, ದಲ್ಲಾಳಿ, ಇವರು ಸಭೆಗೆ ಬರಕೂಡದು. ಸೈನ್ಯದ ಬಾಗಿಲೂ ಮುಚ್ಚಿತ್ತು. ಸೈನಿಕನೊಬ್ಬ ರಂಗ ಹತ್ತಿದರೆ ಅವನಿಗೆ ಮರಣದಂಡನೆ ಎಂದು ನ್ಯಾಯಶಾಸ್ತ್ರಿ ಮೆನಾಂಡರ್ ಬರೆದಿದ್ದಾನೆ. ಅದೇ ವಾಕ್ಯದಲ್ಲಿ ಅದೇ ಶಿಕ್ಷೆಗೆ ಗುರಿಯಾಗುವ ಇನ್ನೊಬ್ಬ, ತನ್ನನ್ನು ತಾನೇ ಗುಲಾಮನಾಗಿ ಮಾರಿಕೊಳ್ಳಲು ಬಿಟ್ಟ ಸೈನಿಕ. ಇದಕ್ಕೆಲ್ಲ ಒಂದೇ ಒಂದು ಹಳೆಯ ವಿನಾಯಿತಿ ಇತ್ತು. ಅಟೆಲ್ಲಾನ ಎಂಬ ಮುಖವಾಡದ ಪ್ರಹಸನವನ್ನು ಊರಿನ ಯುವಕರೇ ಆಡುತ್ತಿದ್ದರು. ಅವರನ್ನು ಮತದಾನದ ಬಣದಿಂದ ತೆಗೆಯುತ್ತಿರಲಿಲ್ಲ, ಸೈನ್ಯಕ್ಕೂ ಸೇರಿಸಿಕೊಳ್ಳುತ್ತಿದ್ದರು.

ಚಾಟಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ರೋಮನ್ ಪ್ರಜೆಯ ಮೈಗೆ ಚಾಟಿ ತಾಗಕೂಡದು. ಪೋರ್ಸಿಯನ್ ಕಾನೂನುಗಳು ಕೊಟ್ಟ ಈ ರಕ್ಷಣೆಯೇ ಪ್ರಜೆಗೂ ಗುಲಾಮನಿಗೂ ನಡುವಿನ ಗೆರೆ. ನಟನಿಗೆ ಆ ರಕ್ಷಣೆ ಇರಲಿಲ್ಲ. ಅವನು ಪ್ರಜೆಯಾಗಿದ್ದರೂ ಅಧಿಕಾರಿಗಳು ಯಾವಾಗ ಬೇಕಾದರೂ ಎಲ್ಲಿ ಬೇಕಾದರೂ ಅವನನ್ನು ಹೊಡೆಸಬಹುದಿತ್ತು. ಪ್ಲಾಟಸ್‌ನ ಒಂದು ನಾಟಕದ ಕೊನೆಯಲ್ಲಿ ಪ್ರೇಕ್ಷಕರಿಗೆ ಹೇಳುವ ಮಾತೇ ಹೀಗಿದೆ: ಇನ್ನು ವೇಷ ಕಳಚುತ್ತಾರೆ, ತಪ್ಪಿದವನಿಗೆ ಏಟು, ತಪ್ಪದವನಿಗೆ ಕುಡಿತ. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಈ ಅಧಿಕಾರವನ್ನು ಕಡಿಮೆ ಮಾಡಿದ. ಆಟ ನಡೆಯುವ ಕಾಲದಲ್ಲಿ, ರಂಗದಲ್ಲಿ ಮಾತ್ರ ಹೊಡೆಸಬಹುದು ಎಂದ. ಇದನ್ನೇ ಅವನ ಉದಾರತೆ ಎಂದು ಬರೆದವರಿದ್ದಾರೆ. ಆದರೆ ಅವನೇ ಸ್ಟೆಫಾನಿಯೊ ಎಂಬ ನಟನನ್ನು ಊರಿನ ಮೂರು ರಂಗಮಂದಿರಗಳಲ್ಲೂ ಹೊಡೆಸಿ ಗಡೀಪಾರು ಮಾಡಿದ. ಗೃಹಿಣಿಯೊಬ್ಬಳು ಹುಡುಗನಂತೆ ಕೂದಲು ಕತ್ತರಿಸಿಕೊಂಡು ಅವನ ಸೇವೆಗೆ ನಿಂತಿದ್ದಳು ಎಂಬುದು ಅಪರಾಧ. ಹಿಲಾಸ್ ಎಂಬ ನರ್ತಕನನ್ನು ಅವನ ಮನೆಯ ಅಂಗಳದಲ್ಲೇ, ಜನರೆಲ್ಲ ನೋಡುವಂತೆ ಹೊಡೆಸಿದ. ಪಿಲಾಡೆಸ್ ಎಂಬಾತ, ತನ್ನನ್ನು ನೋಡಿ ಸಿಳ್ಳೆ ಹೊಡೆದ ಪ್ರೇಕ್ಷಕನ ಕಡೆಗೆ ಬೆರಳು ತೋರಿಸಿದ. ಅಷ್ಟಕ್ಕೇ ಊರು ಮಾತ್ರವಲ್ಲ, ಇಟಲಿಯನ್ನೇ ಬಿಡಬೇಕಾಯಿತು.

ಬೆರಳು ತೋರಿಸಿದ್ದೇ ತಪ್ಪು. ಪ್ರೇಕ್ಷಕ ನಟನ ಕಡೆ ಬೆರಳು ಮಾಡಬಹುದು, ನಟ ಮಾಡಕೂಡದು. ರಂಗಮಂದಿರದಲ್ಲಿ ಕೂರುವ ಕ್ರಮದಲ್ಲೇ ಇದು ಕಾಣುತ್ತದೆ. ಸೆನೆಟರ್‌ಗಳು ಎಲ್ಲರಿಗಿಂತ ಮುಂದೆ, ಅವರ ಹಿಂದಿನ 14 ಸಾಲು ಕುದುರೆ ಸವಾರರ ವರ್ಗ ಎನಿಸಿದ ಈಕ್ವಿಟೀಸ್‌ಗೆ, ಆಮೇಲೆ ಉಳಿದವರು. ಇಡೀ ರೋಮ್ ಸಮಾಜ ದರ್ಜೆಯ ಪ್ರಕಾರ ಕೂತು ನೋಡುತ್ತಿತ್ತು. ಆ ಕಟ್ಟಡದಲ್ಲಿ ಯಾವ ದರ್ಜೆಯೂ ಇಲ್ಲದೆ ನಿಂತವನು ನಟನೊಬ್ಬನೇ.

ಹಣಕ್ಕೆ ಮೈ ಮಾರಿಕೊಂಡದ್ದೇ ಈ ಕಳಂಕಕ್ಕೆ ಕಾರಣ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಪೂರ್ತಿ ಒಪ್ಪಲಾರೆ. ಕಾನೂನಿನ ಪಠ್ಯವೇ ಎರಡು ಬೇರೆ ಲೆಕ್ಕ ಇಟ್ಟಿದೆ. ರಂಗ ಹತ್ತುತ್ತೇನೆ ಎಂದು ಕರಾರು ಮಾಡಿಕೊಂಡು ಹತ್ತದೇ ಉಳಿದವನಿಗೆ ಮುದ್ರೆ ಇಲ್ಲ, ಬರೀ ಉದ್ದೇಶಕ್ಕೆ ಶಿಕ್ಷೆ ಕೊಡುವಷ್ಟು ಅದು ನಾಚಿಕೆಗೇಡಿನ ಕೆಲಸವಲ್ಲ ಎನ್ನುತ್ತಾನೆ ನ್ಯಾಯಶಾಸ್ತ್ರಿ ಗಾಯಸ್. ಮೃಗಗಳ ಜೊತೆ ಕಾದಾಡುವವನದು ಇದಕ್ಕೆ ತದ್ವಿರುದ್ಧ. ಕಾದಾಡದಿದ್ದರೂ ಕರಾರು ಮಾಡಿಕೊಂಡರೆ ಸಾಕು, ಮುದ್ರೆ ಬಿತ್ತು. ಹಣ ತೆಗೆದುಕೊಳ್ಳದೆ ಬರೀ ಪೌರುಷ ತೋರಿಸಲು ಕಾದಾಡಿದರೆ ಮುದ್ರೆ ಇಲ್ಲ. ಅಂದರೆ ಅಖಾಡದಲ್ಲಿ ಕಳಂಕ ಇದ್ದದ್ದು ಮಾರಾಟದಲ್ಲಿ, ರಂಗದಲ್ಲಿ ಇದ್ದದ್ದು ಜನರ ಕಣ್ಣೆದುರು ಬಂದು ನಿಂತದ್ದರಲ್ಲಿ. ಎರಡರಲ್ಲೂ ಸಮಾನವಾದದ್ದು ಒಂದೇ: ಮನುಷ್ಯ ತನ್ನ ದೇಹವನ್ನು ಬೇರೆಯವರ ಕೈಗೆ ಕೊಟ್ಟುಬಿಟ್ಟಿದ್ದಾನೆ, ಇನ್ನು ಅದನ್ನು ಮುಟ್ಟಬಹುದು ಎಂಬ ನಂಬಿಕೆ. ಸಂಬಳ ಆ ನಂಬಿಕೆಯ ಒಂದು ಗುರುತು ಮಾತ್ರ.

ಇನ್ನು ಹಣದ ಲೆಕ್ಕ. ಕ್ರಿ.ಪೂ. 1ನೇ ಶತಮಾನದ ಹಾಸ್ಯನಟ ರೋಸ್ಕಿಯಸ್ 10 ವರ್ಷಗಳಲ್ಲಿ 60 ಲಕ್ಷ ಸೆಸ್ಟರ್ಸ್ (ರೋಮ್‌ನ ನಾಣ್ಯ) ಗಳಿಸಬಹುದಿತ್ತು ಎಂದು ಅವನ ವಕೀಲ, ವಾಗ್ಮಿ ಸಿಸೆರೊ ನ್ಯಾಯಾಲಯದಲ್ಲೇ ಹೇಳಿದ್ದಾನೆ. ಸೀಸರ್ ಏರಿಸಿದ ಮೇಲೂ ಕಾಲಾಳು ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಆದರೆ ಆ ವಾಕ್ಯದ ಜೀವ ಇರುವುದು ಮುಂದಿನ ಮಾತಿನಲ್ಲಿ: ರೋಸ್ಕಿಯಸ್ ಅದನ್ನು ಬೇಡ ಎಂದ. ಸರ್ವಾಧಿಕಾರಿ ಸುಲ್ಲಾ ಅವನಿಗೆ ಚಿನ್ನದ ಉಂಗುರ ಕೊಟ್ಟು ಈಕ್ವಿಟೀಸ್ ವರ್ಗಕ್ಕೆ ಏರಿಸಿದ್ದ. ಆ ಮಾನ ಉಳಿಸಿಕೊಳ್ಳಬೇಕಾದರೆ ಸಂಭಾವನೆ ಮುಟ್ಟಬಾರದು. ಬಿಟ್ಟಿ ಆಡಬೇಕು. ನಟನೊಬ್ಬನಿಗೆ ಮರ್ಯಾದೆಯ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ಇಲ್ಲಿ ಅಂಕಿಯೇ ಇದೆ, 60 ಲಕ್ಷ. ಅವನನ್ನು ಸಿಸೆರೊ ಹೊಗಳಿದ ರೀತಿಯೂ ಮನಸ್ಸಿಗೆ ಚುಚ್ಚುತ್ತದೆ. ಕಲೆಯಲ್ಲಿ ರಂಗದ ಮೇಲೆ ನೋಡಲು ಯೋಗ್ಯನಾದವನು ಇವನೊಬ್ಬನೇ, ಗುಣದಲ್ಲಿ ರಂಗದ ಮೇಲೆ ಹೋಗಬಾರದವನೂ ಇವನೊಬ್ಬನೇ. ಅತ್ಯಂತ ಪ್ರೀತಿಯಿಂದ ಆಡಿದ ಮಾತು ಇದು. ಆ ಪ್ರೀತಿಯೊಳಗೂ ಕಳಂಕ ಹಾಗೇ ಕೂತಿದೆ.

ಲಬೇರಿಯಸ್‌ನ ಕಥೆ ಇದಕ್ಕಿಂತ ಕ್ರೂರ. ಅವನು ಈಕ್ವಿಟೀಸ್ ವರ್ಗದವನು, ಮೈಮ್ ಎಂಬ ಮುಖವಾಡವಿಲ್ಲದ ಪ್ರಹಸನಗಳನ್ನು ಬರೆಯುತ್ತಿದ್ದ. ಬರೆಯುವುದು ತಪ್ಪಲ್ಲ, ಆಡುವುದು ತಪ್ಪು. ಕ್ರಿ.ಪೂ. 46ರ ಸುಮಾರಿಗೆ, 60 ವರ್ಷದ ಅವನನ್ನು ಜೂಲಿಯಸ್ ಸೀಸರ್ ರಂಗ ಹತ್ತಿಸಿದ. ಎದುರಾಳಿ ಪುಬ್ಲಿಲಿಯಸ್ ಸೈರಸ್, ಹಿಂದೆ ಗುಲಾಮನಾಗಿದ್ದವನು. ಲಬೇರಿಯಸ್ ತನ್ನ ಪೀಠಿಕೆಯಲ್ಲಿ, 60 ವರ್ಷ ಕಳಂಕವಿಲ್ಲದೆ ಬಾಳಿ, ಈಕ್ವೆಸ್ (ಈಕ್ವಿಟೀಸ್ ವರ್ಗದವ) ಆಗಿ ಮನೆ ಬಿಟ್ಟವನು ಮೈಮ್ ನಟನಾಗಿ ಮನೆಗೆ ಹೋಗುತ್ತಿದ್ದೇನೆ ಎಂದು ಜನರೆದುರೇ ಹೇಳಿಕೊಂಡ. ಆಟ ಮುಗಿದ ಮೇಲೆ ಸೀಸರ್ 5 ಲಕ್ಷ ಸೆಸ್ಟರ್ಸ್ ಮತ್ತು ಚಿನ್ನದ ಉಂಗುರ ಕೊಟ್ಟ. ಈಕ್ವಿಟೀಸ್ ವರ್ಗಕ್ಕೆ ಬೇಕಾದ ಆಸ್ತಿ 4 ಲಕ್ಷ, ಹಾಗಾಗಿ ಕಾಗದದ ಮೇಲೆ ಎಲ್ಲ ಸರಿಹೋಯಿತು. ಅವನು ರಂಗದಿಂದ ಇಳಿದು, 14 ಸಾಲುಗಳ ಕಡೆಗೆ ನಡೆದ. ಯಾರೂ ಜಾಗ ಬಿಡಲಿಲ್ಲ. ಸಿಸೆರೊ ಕೂತಲ್ಲಿಂದಲೇ, ಇಕ್ಕಟ್ಟಾಗಿ ಕೂತಿಲ್ಲದಿದ್ದರೆ ಜಾಗ ಕೊಡುತ್ತಿದ್ದೆ ಎಂದ. ಎರಡು ಕುರ್ಚಿಯಲ್ಲಿ ಕೂತು ಅಭ್ಯಾಸವಿರುವ ನಿನಗೆ ಇಕ್ಕಟ್ಟಾದದ್ದು ಆಶ್ಚರ್ಯ ಎಂದು, ಅಂದರೆ ನೀನು ಎರಡೂ ಪಕ್ಷದವರ ಜೊತೆ ಇರುವವನು ಎಂದು, ಲಬೇರಿಯಸ್ ತಿರುಗಿ ಕೊಟ್ಟ. ಈ ಜಗಳವನ್ನು ಚಾಟೂಕ್ತಿಯಾಗಿ ಹೇಳಿ ಮುಗಿಸುವವರೇ ಹೆಚ್ಚು. ನನಗೆ ಕಾಣುವುದು, ಕೈಯಲ್ಲಿ ಉಂಗುರವಿದ್ದೂ ಕೂರಲು ಜಾಗವಿಲ್ಲದೆ ಎಲ್ಲರೆದುರು ನಿಂತ ಮುದುಕ.

ಇಷ್ಟೆಲ್ಲ ಇದ್ದರೂ ದೊಡ್ಡ ಮನೆಯ ಹುಡುಗರಿಗೆ ರಂಗದ, ಅಖಾಡದ ಹುಚ್ಚು ಬಿಡಲಿಲ್ಲ. ಕ್ರಿ.ಪೂ. 38ರಿಂದ ನಿಷೇಧಗಳ ಮೇಲೆ ನಿಷೇಧ ಬಂದವು. ಹುಡುಗರು ಒಂದು ದಾರಿ ಹುಡುಕಿದರು. ಬೇಕೆಂದೇ ಇನ್ಫಾಮಿಯಾ ತಂದುಕೊಂಡು ತಮ್ಮ ದರ್ಜೆ ಕಳೆದುಕೊಂಡರೆ ನಿಷೇಧ ಅನ್ವಯಿಸುವುದಿಲ್ಲವಲ್ಲ! ಚಕ್ರವರ್ತಿ ಟೈಬೀರಿಯಸ್ ಅಂಥವರನ್ನು ಗಡೀಪಾರು ಮಾಡಿದ. ಕ್ರಿ.ಶ. 19ರ ಸೆನೆಟ್ ನಿರ್ಣಯದ ಕಂಚಿನ ತುಣುಕು ಇಟಲಿಯ ಲಾರಿನೊದಲ್ಲಿ ಸಿಕ್ಕಿದೆ. ಸೆನೆಟರ್‌ನ ಮಗ, ಮಗಳು, ಮೊಮ್ಮಕ್ಕಳು, ಮರಿಮಕ್ಕಳವರೆಗೆ ಯಾರನ್ನೂ ರಂಗಕ್ಕೆ ತರಕೂಡದು, ಸಂಬಳಕ್ಕೆ ಗೊತ್ತು ಮಾಡಿಕೊಳ್ಳಕೂಡದು ಎಂದು ಅದರಲ್ಲಿದೆ. ಮರಿಮಕ್ಕಳವರೆಗೆ ಪಟ್ಟಿ ಬರೆಯಬೇಕಾಯಿತು ಎಂದರೆ ಆಸೆ ಎಷ್ಟಿತ್ತು ಎಂದು ಲೆಕ್ಕ ಹಾಕಿ.

ಗ್ಲಾಡಿಯೇಟರ್‌ಗಳಲ್ಲಿ ಗುಲಾಮರು, ಸೆರೆಯಾಳುಗಳು, ಅಪರಾಧಿಗಳು ಇದ್ದರು ನಿಜ. ಔಕ್ಟೊರಾಟಸ್ ಎಂಬ ಇನ್ನೊಂದು ಬಗೆಯವರೂ ಇದ್ದರು, ತಾವಾಗಿ ಕರಾರು ಮಾಡಿಕೊಂಡ ಸ್ವತಂತ್ರರು. ಸುಡಲಿ, ಕಟ್ಟಿಹಾಕಲಿ, ಹೊಡೆಯಲಿ, ಕತ್ತಿಯಿಂದ ಕೊಲ್ಲಲಿ, ಎಲ್ಲಕ್ಕೂ ಒಪ್ಪಿದ್ದೇನೆ ಎಂದು ಅವರು ಪ್ರಮಾಣ ಮಾಡಬೇಕಿತ್ತು. ಕ್ರಿ.ಶ. 177ರ ಸುಮಾರಿನ, ಸ್ಪೇನ್‌ನ ಇಟಾಲಿಕಾದಲ್ಲಿ ಸಿಕ್ಕ ಕಂಚಿನ ಶಾಸನ ಇಂಥ ಸ್ವಯಂಸೇವಕನ ಬೆಲೆಯನ್ನು 2,000 ಸೆಸ್ಟರ್ಸ್ ಎಂದು ಹಾಕಿದೆ. ಸಂಘಟಕನಿಗೂ ಗ್ಲಾಡಿಯೇಟರ್ ಒಡೆಯನಿಗೂ ನಡುವಿನ ವ್ಯವಹಾರವನ್ನು ಗಾಯಸ್ ಕಾನೂನಿನ ಪಾಠವಾಗಿ ಹೇಳುತ್ತಾನೆ. ಗಾಯವಿಲ್ಲದೆ ಹೊರಬಂದ ಪ್ರತಿಯೊಬ್ಬನ ಬೆವರಿಗೆ 20 ಡಿನಾರಿಯಸ್ (ಒಂದು ಡಿನಾರಿಯಸ್ ಎಂದರೆ 4 ಸೆಸ್ಟರ್ಸ್), ಸತ್ತವನಿಗೆ ಅಥವಾ ಕೈಕಾಲು ಊನವಾದವನಿಗೆ 1,000 ಡಿನಾರಿಯಸ್. ಇದು ಬಾಡಿಗೆಯೋ ಮಾರಾಟವೋ ಎಂಬುದು ಪ್ರಶ್ನೆ. ಗಾಯವಿಲ್ಲದೆ ಉಳಿದವರ ಮಟ್ಟಿಗೆ ಬಾಡಿಗೆ, ಸತ್ತವರ ಮತ್ತು ಊನವಾದವರ ಮಟ್ಟಿಗೆ ಮಾರಾಟ ಎಂಬುದು ಒಪ್ಪಿತ ಉತ್ತರ. ಬೆಳಿಗ್ಗೆ ಅಖಾಡಕ್ಕೆ ಹೋಗುವವನಿಗೆ ತಾನು ಬಾಡಿಗೆಗೆ ಹೋಗುತ್ತಿದ್ದೇನೋ ಮಾರಾಟವಾಗಿದ್ದೇನೋ ಗೊತ್ತಿಲ್ಲ. ಸಂಜೆ ಅವನ ಮೈ ನೋಡಿಯೇ ಬಿಲ್ಲು ಬರೆಯಬೇಕು.

ಸತ್ತ ಮೇಲೂ ಬಿಡುಗಡೆ ಇರಲಿಲ್ಲ. ಸಾರ್ಸಿನಾ ಎಂಬ ಊರಿನಲ್ಲಿ ಹೊರೇಷಿಯಸ್ ಬಾಲ್ಬಸ್ ಎಂಬಾತ ಊರವರ ಸಮಾಧಿಗೆಂದು ಜಾಗ ದಾನ ಕೊಟ್ಟು, ಮೂರು ಬಗೆಯವರನ್ನು ಬಿಟ್ಟು ಎಂದು ಕಲ್ಲಿನಲ್ಲಿ ಕೆತ್ತಿಸಿದ: ಔಕ್ಟೊರಾಟಸ್‌ಗಳು, ನೇಣು ಹಾಕಿಕೊಂಡವರು, ಕೊಳಕು ಕಸುಬಿನಿಂದ ಬದುಕಿದವರು. ಅದಕ್ಕೇ ಗ್ಲಾಡಿಯೇಟರ್‌ಗಳ ಸಮಾಧಿ ಕಲ್ಲುಗಳನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಸಿಸಿಲಿಯಲ್ಲಿ ಸಿಕ್ಕ ಫ್ಲಾಮ್ಮಾನ ಕಲ್ಲು ಲೆಕ್ಕಪತ್ರದಂತಿದೆ: ಬದುಕಿದ್ದು 30 ವರ್ಷ, ಕಾದಾಡಿದ್ದು 34 ಸಲ, ಗೆದ್ದದ್ದು 21, ಸಮಬಲ 9, ಸೋತು ಜೀವದಾನ ಪಡೆದದ್ದು 4. ಹುಟ್ಟಿನಿಂದ ಸಿರಿಯಾದವನು.

ಬಿಡುಗಡೆಯಾದ ಗುಲಾಮ ತನ್ನ ಹಳೆಯ ಒಡೆಯನಿಗೆ ಒಂದಿಷ್ಟು ದಿನ ಬಿಟ್ಟಿ ಚಾಕರಿ ಮಾಡಿಕೊಡುವುದು ರೋಮ್‌ನ ಪದ್ಧತಿ. ನರ್ತಕನಾದರೆ ಒಡೆಯನ ಗೆಳೆಯರು ಏರ್ಪಡಿಸುವ ಆಟಗಳಲ್ಲೂ ಪುಕ್ಕಟೆ ಕುಣಿಯಬೇಕು ಎಂದು ಕಾನೂನಿತ್ತು. ಇಬ್ಬರು ಮಕ್ಕಳಾದರೆ ಈ ಚಾಕರಿಯಿಂದ ಬಿಡುಗಡೆ ಎಂಬ ಸೌಲಭ್ಯವನ್ನು ಅಗಸ್ಟಸ್ ಕಾಲದ ಶಾಸನ ಎಲ್ಲರಿಗೂ ಕೊಟ್ಟಿತು. ಆಟದ ಕಸುಬಿನವರಿಗೂ ಮೃಗಗಳ ಜೊತೆ ಕಾದಾಡಲು ಕರಾರು ಮಾಡಿಕೊಂಡವರಿಗೂ ಮಾತ್ರ ಇಲ್ಲ. ಈ ಒಂದು ಸಾಲು ನನ್ನನ್ನು ಹೆಚ್ಚು ಕಾಡುತ್ತದೆ. ಬಡಗಿಗೆ ಸಿಕ್ಕ ಬಿಡುವು ಕುಣಿಯುವವನಿಗೆ ಸಿಗಲಿಲ್ಲ, ಏಕೆಂದರೆ ಅವನ ಕುಣಿತ ಎಲ್ಲರಿಗೂ ಬೇಕಿತ್ತು. ತಾತ್ಸಾರದಿಂದ ದೂರ ಇಟ್ಟರು ಎನ್ನುವವರು ಇದನ್ನು ಗಮನಿಸಬೇಕು. ದೂರ ಇಟ್ಟಿರಲಿಲ್ಲ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕಟ್ಟಿಹಾಕಿದ್ದರು.

ಹೆಂಗಸರಿಗೆ ಇದರ ಮೇಲೆ ಇನ್ನೊಂದು ಹೊರೆ. ಮೈಮ್‌ನಲ್ಲಿ ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡುತ್ತಿದ್ದಳು, ಬರಿಮುಖ, ಬರಿಗಾಲು. ಕ್ರಿ.ಪೂ. 18ರ ವಿವಾಹ ಕಾನೂನಿನ ಪ್ರಕಾರ ಸೆನೆಟರ್ ಮತ್ತು ಅವನ ಮರಿಮಕ್ಕಳವರೆಗಿನವರು ಆಟದವಳನ್ನು ಮದುವೆಯಾಗುವಂತಿಲ್ಲ. ಅವಳೇ ರಂಗ ಹತ್ತಿರಬೇಕಿಲ್ಲ, ಅಪ್ಪನೋ ಅಮ್ಮನೋ ಹತ್ತಿದ್ದರೂ ಸಾಕು. ವ್ಯಭಿಚಾರದ ಕಾನೂನು ಗಂಡಸು ನಟನ ಜೀವವನ್ನೂ ಅಗ್ಗ ಮಾಡಿತು: ಗಂಡ ತನ್ನ ಮನೆಯಲ್ಲಿ ಹೆಂಡತಿಯೊಡನೆ ಸಿಕ್ಕಿಬಿದ್ದ ಎಲ್ಲರನ್ನೂ ಕೊಲ್ಲುವಂತಿಲ್ಲ, ಆದರೆ ಸಿಕ್ಕಿದವನು ರಂಗದಲ್ಲಿ ಕುಣಿದವನೋ ಹಾಡಿದವನೋ ಆಗಿದ್ದರೆ ಕೊಲ್ಲಬಹುದು. ಮದುವೆಯ ನಿಷೇಧ ಸಡಿಲವಾಗಲು 500 ವರ್ಷಕ್ಕೂ ಹೆಚ್ಚು ಬೇಕಾಯಿತು. ಮುಂದೆ ಚಕ್ರವರ್ತಿಯಾದ ಜಸ್ಟಿನಿಯನ್ ಹಳೆಯ ನಟಿ ಥಿಯೊಡೋರಾಳನ್ನು ಮದುವೆಯಾಗಬೇಕಿತ್ತು, ಆಗ ಅವನ ಸೋದರಮಾವ, ಚಕ್ರವರ್ತಿ ಜಸ್ಟಿನ್, ಕಸುಬು ಬಿಟ್ಟ ನಟಿಯರಿಗೆ ದಾರಿ ಬಿಟ್ಟುಕೊಡುವ ಕಾನೂನು ತಂದ.

ರೋಮ್‌ನಲ್ಲಿ ಯೂಖಾರಿಸ್ ಎಂಬ ಹುಡುಗಿಯ ಸಮಾಧಿ ಲೇಖ ಸಿಕ್ಕಿದೆ. ಲಿಸಿನಿಯಾ ಎಂಬವಳು ಬಿಡುಗಡೆ ಮಾಡಿದ ಗುಲಾಮ ಹುಡುಗಿ, ಸತ್ತಾಗ 14 ವರ್ಷ. ಕಲಾದೇವತೆಗಳೇ ಕೈಹಿಡಿದು ಕಲಿಸಿದಂತೆ ಕಲಿತವಳು, ಶ್ರೀಮಂತರ ಆಟಗಳನ್ನು ತನ್ನ ನೃತ್ಯದಿಂದ ಅಲಂಕರಿಸಿದವಳು, ಗ್ರೀಕ್ ರಂಗದಲ್ಲಿ ಜನರೆದುರು ಮೊದಲಿಗಳಾಗಿ ಕಾಣಿಸಿಕೊಂಡವಳು ಎಂದು ಪದ್ಯದಲ್ಲಿ ಬರೆಸಿದ್ದಾರೆ. ಅಪ್ಪನ ದುಃಖವೂ ಆ ಪದ್ಯದಲ್ಲಿದೆ. ನಾಚಿಕೆಯ ಒಂದು ಪದ ಇಲ್ಲ. ಕಾನೂನು ಏನೇ ಹೇಳಲಿ, ಆ ಮನೆಯವರಿಗೆ ಅವಳ ಕಲೆ ಹೆಮ್ಮೆಯೇ ಆಗಿತ್ತು.

ಸಾಮ್ರಾಜ್ಯ ಹಳೆಯದಾದಂತೆ ಕೆಲವರಿಗೆ ಗೌರವವೂ ಸಿಕ್ಕಿತು. ಕ್ರಿ.ಶ. 187ರಲ್ಲಿ ಲನೂವಿಯಮ್ ಊರಿನವರು ಅಗಿಲಿಯಸ್ ಸೆಪ್ಟೆಂಟ್ರಿಯೊ ಎಂಬ ನರ್ತಕನಿಗೆ ಪೌರಸಭಾ ಸದಸ್ಯನ ಲಾಂಛನಗಳನ್ನು ಕೊಟ್ಟು ಗೌರವಿಸಿದರು. ಲಾಂಛನ ಕೊಟ್ಟರು, ಸದಸ್ಯತ್ವವನ್ನಲ್ಲ. ರಥ ಓಡಿಸುವವರಿಗೆ ಇನ್ಫಾಮಿಯಾ ಇಲ್ಲ ಎಂದು ನ್ಯಾಯಶಾಸ್ತ್ರಿಗಳು ಒಪ್ಪಿದ್ದರು. 4,257 ಓಟಗಳಲ್ಲಿ 1,462 ಗೆದ್ದು 3 ಕೋಟಿ 58 ಲಕ್ಷ ಸೆಸ್ಟರ್ಸ್ ಗಳಿಸಿದ ಡಯೊಕ್ಲೆಸ್ ಈ ವರ್ಗದವನು. ಜನ ಪ್ರೀತಿಸುವವರನ್ನೇ ಶಿಕ್ಷಿಸುತ್ತಾರೆ, ಕಲೆಯನ್ನು ಎತ್ತಿಹಿಡಿದು ಕಲಾವಿದನಿಗೆ ಮುದ್ರೆ ಒತ್ತುತ್ತಾರೆ ಎಂದು ಕ್ರೈಸ್ತ ಲೇಖಕ ಟೆರ್ಟುಲಿಯನ್ ಬರೆದ. ಅವನು ಆಟಗಳೇ ಬೇಡ ಎಂದವನು, ನಟರ ಪರ ನಿಂತವನಲ್ಲ. ಆದರೂ ರೋಗವನ್ನು ಸರಿಯಾಗಿ ಗುರುತಿಸಿದ.

ಕ್ರೈಸ್ತ ಧರ್ಮ ಬಂದ ಮೇಲೆ ಬಿಡುಗಡೆ ಸಿಕ್ಕಿತು ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. 4ನೇ ಶತಮಾನಕ್ಕೆ ಆಟದ ಕಸುಬು ಹುಟ್ಟಿನಿಂದ ಬರುವ ಬಂಧನವಾಗಿತ್ತು, ನಟಿಯ ಮಗಳೂ ರಂಗಕ್ಕೇ ಬರಬೇಕು. ಹಬ್ಬದ ಆಟಗಳು ನಿಲ್ಲುವಂತಿಲ್ಲ, ಜನ ಬೇಕು. ದೀಕ್ಷಾಸ್ನಾನ ಪಡೆದವನು ಮತ್ತೆ ರಂಗಕ್ಕೆ ಬರಕೂಡದು ಎಂದು ಚರ್ಚು. ಹಾಗಾದರೆ ಸಾಯುತ್ತಿದ್ದೇನೆ ಎಂದು ಹೇಳಿ ದೀಕ್ಷೆ ಪಡೆದ ನಟ ಬದುಕಿಬಿಟ್ಟರೆ? ಕ್ರಿ.ಶ. 371ರಲ್ಲಿ ಇದಕ್ಕೂ ಕಾನೂನು ಬಂತು. ಬದುಕಿದರೆ ಅವನನ್ನು ಮತ್ತೆ ರಂಗಕ್ಕೆ ಎಳೆಯಕೂಡದು. ಆದರೆ ದೀಕ್ಷೆ ಕೊಡುವ ಮೊದಲು ಬಿಷಪ್ ಒಪ್ಪಬೇಕು, ಊರಿನ ಅಧಿಕಾರಿಗೆ ಸುದ್ದಿ ಹೋಗಬೇಕು, ಅಧಿಕಾರಿ ತಪಾಸಣೆಗೆ ಜನರನ್ನು ಕಳಿಸಬೇಕು. ಅವರು ಹಾಸಿಗೆಯ ಪಕ್ಕ ನಿಂತು, ಮಲಗಿದವನು ನಿಜವಾಗಿಯೂ ಸಾಯುತ್ತಿದ್ದಾನೆಯೇ ಎಂದು ಪರೀಕ್ಷಿಸಿ ನೋಡಬೇಕು.